ಬೇಲಿ ಕಟ್ಟಿದವರು ದಡ್ಡರೇ?

ದಡ್ಡರ ಊರಿನ ಕಥೆಗಳೆಂದರೆ ನಮಗೆಲ್ಲ ಎಲ್ಲಿಲ್ಲದ ಪ್ರೀತಿ. ಮಕ್ಕಳಿಗೆ ಹೇಳುತ್ತೇವೆ, ಮದುವೆಮನೆಯ ಜಗುಲಿಯಲ್ಲಿ ಕೂತು ಹೇಳಿಕೊಂಡು ನಗುತ್ತೇವೆ, ಶಾಲೆಯ ವಾರ್ಷಿಕೋತ್ಸವಕ್ಕೆ ಪ್ರಹಸನ ಮಾಡಿಸುತ್ತೇವೆ. ಈ ಕಥೆಗಳಲ್ಲಿ ದಡ್ಡನಾದವನು ಯಾವಾಗಲೂ ಹಳ್ಳಿಯವನು. ಕಥೆ ಹೇಳುವವನು ಮಾತ್ರ ಯಾವಾಗಲೂ ಬೇರೆ ಊರಿನವನು. ಇದು ಏಕೆ ಹೀಗೆ ಎಂದು ಯಾರೂ ಕೇಳುವುದಿಲ್ಲ. ಮೂವತ್ತು ವರ್ಷದಿಂದ ಹಳ್ಳಿಯ ಮಕ್ಕಳಿಗೆ ಸಮಾಜ ಪಾಠ ಹೇಳುತ್ತಿರುವ ನನಗೆ ಇದನ್ನು ಕೇಳದೆ ಇರುವುದು ಸಾಧ್ಯವಿಲ್ಲ.

ನನ್ನ ತಕರಾರನ್ನು ಇಂಗ್ಲೆಂಡಿನ ಒಂದು ಹಳ್ಳಿಯನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಅಷ್ಟು ದೂರ ಹೋಗುವುದೇಕೆ ಎಂದರೆ, ಆ ಹಳ್ಳಿಯ ಮೊಕದ್ದಮೆಯಲ್ಲಿ ಎಲ್ಲ ಕಾಗದಪತ್ರವೂ ಇದೆ. ಆರೋಪ ಇದೆ, ಆರೋಪಿಗಳ ಹೇಳಿಕೆ ಇದೆ, ಆರೋಪದಿಂದ ಲಾಭ ಮಾಡಿಕೊಂಡವರ ಹೆಸರೂ ಇದೆ.

ಹಳ್ಳಿಯ ಹೆಸರು ಗೋಟಮ್. ನಾಟಿಂಗ್‌ಹ್ಯಾಮ್ ಪಟ್ಟಣದ ದಕ್ಷಿಣಕ್ಕೆ ಹತ್ತು-ಹನ್ನೊಂದು ಕಿಲೋಮೀಟರು ದೂರದಲ್ಲಿದೆ. ರಾಬಿನ್ ಹುಡ್ ಕಥೆಗಳಲ್ಲಿ ದುಷ್ಟ ಅಧಿಕಾರಿಯೊಬ್ಬ ಬರುತ್ತಾನಲ್ಲ, ಅದೇ ನಾಟಿಂಗ್‌ಹ್ಯಾಮ್. ಗೋಟಮ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಆಡುಗಳಿದ್ದ ಊರು ಎಂದು ಅರ್ಥ. ಹೆಸರೇ ಹೇಳುವಂತೆ ಕುರಿ-ಆಡು, ಹೊಲ-ಗದ್ದೆ ನಂಬಿಕೊಂಡವರ ಊರು.

ಆ ಊರಿನವರು ಹೇಳುವ ಐತಿಹ್ಯ ಹೀಗಿದೆ. ಕ್ರಿ.ಶ. 1199ರಿಂದ 1216ರವರೆಗೆ ಇಂಗ್ಲೆಂಡನ್ನು ಆಳಿದ ಜಾನ್ ದೊರೆ ಒಮ್ಮೆ ನಾಟಿಂಗ್‌ಹ್ಯಾಮಿಗೆ ಹೊರಟಿದ್ದ. ದಾರಿ ಗೋಟಮಿನ ಹುಲ್ಲುಗಾವಲಿನ ಮೇಲೆ ಹಾದುಹೋಗಬೇಕಿತ್ತು. ದೊರೆ ಕಾಲಿಟ್ಟ ನೆಲ ಶಾಶ್ವತವಾಗಿ ರಾಜಮಾರ್ಗವಾಗಿಬಿಡುತ್ತದೆ ಎಂದು ಊರಿನವರು ನಂಬಿದ್ದರು. ರಾಜಮಾರ್ಗವಾದರೆ ಹುಲ್ಲುಗಾವಲು ಹೋಯಿತು, ದನಕರುಗಳ ಮೇವು ಹೋಯಿತು. ರಸ್ತೆಯನ್ನು ನೋಡಿಕೊಳ್ಳುವ ಹೊರೆ ಬೇರೆ ತಲೆಯ ಮೇಲೆ. ಊರಿನವರು ಒಗ್ಗಟ್ಟಾಗಿ ದೊರೆಯ ದಾರಿಗೆ ಅಡ್ಡ ನಿಂತರು. ದೊರೆ ಬೇರೆ ದಾರಿ ಹಿಡಿದ. ಆದರೆ ಸಿಟ್ಟು ಬಿಟ್ಟಾನೆಯೇ? ಈ ಉದ್ಧಟತನಕ್ಕೆ ಕಾರಣ ತಿಳಿದು ದಂಡ ವಿಧಿಸಲು ತನ್ನ ಆಳುಗಳನ್ನು ಕಳಿಸಿದ.

ಆಳುಗಳು ಬಂದು ನೋಡಿದರೆ ಊರಿಗೆ ಊರೇ ಹುಚ್ಚಾಗಿದೆ. ಒಂದಷ್ಟು ಜನ ಕೊಳದಲ್ಲಿ ಹಾವುಮೀನೊಂದನ್ನು ಹಿಡಿದು ನೀರಿನಲ್ಲಿ ಮುಳುಗಿಸಿ ಕೊಲ್ಲಲು ಹೆಣಗುತ್ತಿದ್ದಾರೆ. ಇನ್ನಷ್ಟು ಜನ ಕೊಟ್ಟಿಗೆಯ ಮರಕ್ಕೆ ಬಿಸಿಲು ತಾಗದಿರಲೆಂದು ಅದರ ಮಾಡಿನ ಮೇಲೆ ಗಾಡಿಗಳನ್ನು ಎಳೆದೇರಿಸುತ್ತಿದ್ದಾರೆ. ಕೆಲವರು ಚೀಸಿನ ದುಂಡು ಗಡ್ಡೆಗಳನ್ನು ಗುಡ್ಡದ ಮೇಲಿಂದ ಉರುಳಿಸಿ, ತಾವೇ ದಾರಿ ಹುಡುಕಿಕೊಂಡು ನಾಟಿಂಗ್‌ಹ್ಯಾಮ್ ಸಂತೆಗೆ ಹೋಗಿ ಮಾರಾಟವಾಗಿ ಎಂದು ಬೀಳ್ಕೊಡುತ್ತಿದ್ದಾರೆ. ಎಲ್ಲಕ್ಕಿಂತ ಹೆಸರಾದದ್ದು ಕೋಗಿಲೆಯ ಪ್ರಸಂಗ. ಪೊದೆಯೊಂದರ ಮೇಲೆ ಕೋಗಿಲೆ ಕೂತಿದೆ, ಊರಿನವರು ಸುತ್ತ ಬೇಲಿ ಕಟ್ಟುತ್ತಿದ್ದಾರೆ. ಕೋಗಿಲೆ ಹೋಗದಿದ್ದರೆ ವಸಂತವೂ ಹೋಗುವುದಿಲ್ಲವಲ್ಲ! ಹಕ್ಕಿ ಪುರ್ರೆಂದು ಹಾರಿಹೋಯಿತು. ಬೇಲಿಯನ್ನು ಇನ್ನಷ್ಟು ಎತ್ತರ ಕಟ್ಟಬೇಕಿತ್ತು ಎಂದು ಅವರು ಕೈಕೈ ಹಿಸುಕಿಕೊಂಡರು. ಹುಚ್ಚು ಅಂಟುರೋಗವೆಂದು ಭಯಪಡುತ್ತಿದ್ದ ಕಾಲ ಅದು ಎಂದೂ ಕಥೆ ಹೇಳುವವರು ಸೇರಿಸುತ್ತಾರೆ. ಆಳುಗಳು ಹಿಂದಿರುಗಿ, ಇದು ಹುಚ್ಚರ ಊರು, ದಂಡ ಹಾಕಿ ಫಲವಿಲ್ಲ ಎಂದರು. ಹುಲ್ಲುಗಾವಲು ಉಳಿಯಿತು.

ಇದು ಕಥೆ. ಈಗ ನನ್ನ ಪ್ರಶ್ನೆ.

ಇದೇ ಜಾನ್ ದೊರೆಯ ಹೆಸರನ್ನು ನಾವು ಬಿ.ಎ. ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆವು. 1215ರ ಜೂನ್ 15ರಂದು ರನ್ನಿಮೀಡ್ ಎಂಬ ಹುಲ್ಲುಗಾವಲಿನಲ್ಲಿ ಪಾಳೆಯಗಾರರು ಅವನನ್ನು ಅಡ್ಡಗಟ್ಟಿ ಮ್ಯಾಗ್ನಾ ಕಾರ್ಟಾ ಎಂಬ ಸನ್ನದಿಗೆ ಮುದ್ರೆ ಒತ್ತಿಸಿಕೊಂಡರು. ಈಗಿನ ಎಣಿಕೆಯಲ್ಲಿ 63 ಕಲಮುಗಳ ಆ ಸನ್ನದನ್ನು ಪೋಪನು ಅದೇ ವರ್ಷದ ಆಗಸ್ಟಿನಲ್ಲಿ ರದ್ದುಮಾಡಿದ. ಆದರೂ ಅದು ಪ್ರಜಾಪ್ರಭುತ್ವದ ತಾಯಿಬೇರು ಎಂದು ಇವತ್ತಿಗೂ ಪರೀಕ್ಷೆಯಲ್ಲಿ ಬರೆಸುತ್ತೇವೆ. ಬರೆಸಲಿ, ಬೇಡವೆನ್ನುವುದಿಲ್ಲ. ಆ ಸನ್ನದಿನ 23ನೆಯ ಕಲಮು ಏನು ಹೇಳುತ್ತದೆ ಗೊತ್ತೇ? ಹಿಂದಿನಿಂದ ಬಂದ ಕಟ್ಟುಪಾಡು ಇಲ್ಲದ ಹೊರತು ಯಾವ ಊರನ್ನಾಗಲಿ ಯಾವ ಮನುಷ್ಯನನ್ನಾಗಲಿ ನದಿಗೆ ಸೇತುವೆ ಕಟ್ಟಲು ಬಲವಂತಪಡಿಸಕೂಡದು ಎಂದು. ಅಂದರೆ ದೊರೆಯ ಓಡಾಟದ ಖರ್ಚು ಹಳ್ಳಿಗಳ ಬೆನ್ನ ಮೇಲೆ ಬೀಳುತ್ತಿದ್ದುದು ಸುಳ್ಳಲ್ಲ. ಗೋಟಮಿನವರ ಅಂಜಿಕೆ ಹುಚ್ಚರ ಅಂಜಿಕೆಯಾಗಿರಲಿಲ್ಲ.

ಒಬ್ಬನೇ ದೊರೆಗೆ ಇಬ್ಬರು 'ಆಗದು' ಎಂದರು. ಪಾಳೆಯಗಾರರು ಕತ್ತಿ ಹಿಡಿದು ಹೇಳಿದರು, ಇತಿಹಾಸದ ಪುಸ್ತಕ ಸೇರಿದರು. ಹಳ್ಳಿಯವರ ಕೈಯಲ್ಲಿ ಕತ್ತಿ ಇರಲಿಲ್ಲ, ಬರವಣಿಗೆ ಇರಲಿಲ್ಲ. ಮ್ಯಾಗ್ನಾ ಕಾರ್ಟಾ ಮಾತಾಡಿದ್ದು ಬಹುಮಟ್ಟಿಗೆ 'ಸ್ವತಂತ್ರ ಮನುಷ್ಯ'ನ ಹಕ್ಕಿನ ಬಗ್ಗೆ. ಒಡೆಯನ ನೆಲಕ್ಕೆ ಕಟ್ಟುಬಿದ್ದು ದುಡಿಯುತ್ತಿದ್ದ ರೈತ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅವನ ಹತ್ತಿರ ಇದ್ದದ್ದು ಒಂದು ಪೊದೆ, ಒಂದು ಬೇಲಿ, ಒಂದು ಕೋಗಿಲೆ. ಅವುಗಳಲ್ಲೇ ಅವನು 'ಆಗದು' ಎಂದ. ಅದನ್ನು ನಾವು ನಗೆಪುಸ್ತಕಕ್ಕೆ ಹಾಕಿದೆವು.

ಹಾಕಿದವರು ಯಾರೆಂಬುದಕ್ಕೂ ದಾಖಲೆ ಇದೆ. ಗೋಟಮಿನ ದಡ್ಡರ ಪ್ರಸ್ತಾಪ 15ನೆಯ ಶತಮಾನದ ಇಂಗ್ಲಿಷ್ ಧಾರ್ಮಿಕ ನಾಟಕವೊಂದರಲ್ಲೇ ಇದೆ. 16ನೆಯ ಶತಮಾನದಲ್ಲಿ ಗೋಟಮಿನ ಹುಚ್ಚರ ಮೋಜಿನ ಕಥೆಗಳೆಂದು ಇಪ್ಪತ್ತು ಕಥೆಗಳ ಪುಸ್ತಕ ಅಚ್ಚಾಯಿತು. ಸಂಗ್ರಹಿಸಿದವನು 'ಎ. ಬಿ.' ಎಂಬ ವೈದ್ಯ ಎಂದಷ್ಟೇ ಅದರಲ್ಲಿದೆ. ಆಂಡ್ರೂ ಬೂರ್ಡ್ ಎಂಬ ವೈದ್ಯನೇ ಅವನು ಎಂದು ಕೆಲವರು, ಅಲ್ಲ ಎಂದು ಕೆಲವರು. ಯಾರೇ ಆಗಲಿ, ಓದುಬರಹ ಬಲ್ಲ ಪಟ್ಟಣಿಗ. ಆ ಪುಸ್ತಕದಲ್ಲಿ ಕೋಗಿಲೆ ಇದೆ, ಬೇಲಿ ಇದೆ, ಹಾವುಮೀನು ಇದೆ, ಚೀಸೂ ಇದೆ. ದೊರೆ ಮಾತ್ರ ಇಲ್ಲ! ಜಾನ್ ದೊರೆಯ ಪ್ರಸಂಗ ಅಚ್ಚಿಗೆ ಬಂದದ್ದು ಆಮೇಲೆ, ಊರಿನ ಪರವಾಗಿ ಮಾತಾಡುವವರು ಬಂದ ಮೇಲೆ. ದೊರೆಯನ್ನು ತೆಗೆದುಬಿಟ್ಟರೆ ಬೇಲಿ ಕಟ್ಟಿದವನು ಶುದ್ಧ ಪೆದ್ದ. ದೊರೆಯನ್ನು ತಂದು ನಿಲ್ಲಿಸಿದರೆ ಅದೇ ಬೇಲಿ ಊರಿನ ಕೋಟೆ. ಪುಸ್ತಕ ಕೊಳ್ಳುವವರಿಗೆ ಪೆದ್ದನೇ ಬೇಕಾಗಿದ್ದ.

ಆ ಇಪ್ಪತ್ತು ಕಥೆಗಳಲ್ಲಿ ಒಂದನ್ನು ನೀವು ಕೇಳಿಯೇ ಇರುತ್ತೀರಿ, ಏಕೆಂದರೆ ಅದು ನಮ್ಮದೂ ಹೌದು. ಗೋಟಮಿನ ಹನ್ನೆರಡು ಮಂದಿ ಮೀನು ಹಿಡಿಯಲು ಹೋಗುತ್ತಾರೆ. ಹಿಂದಿರುಗುವಾಗ ಯಾರಾದರೂ ಮುಳುಗಿಹೋದರೋ ಎಂದು ಎಣಿಸುತ್ತಾರೆ. ಎಣಿಸುವವನು ತನ್ನನ್ನು ಬಿಟ್ಟು ಎಣಿಸಿದರೆ ಹನ್ನೊಂದೇ! ಅಳುತ್ತಾ ಕೂತಿರುವಾಗ ಅರಮನೆಯ ಕಡೆಯವನೊಬ್ಬ ಕುದುರೆ ಏರಿ ಬರುತ್ತಾನೆ. ಕಳೆದವನನ್ನು ಹುಡುಕಿಕೊಟ್ಟರೆ ಏನು ಕೊಡುತ್ತೀರಿ ಎನ್ನುತ್ತಾನೆ. ಇರುವ ಹಣವೆಲ್ಲ ನಿನಗೆ ಎನ್ನುತ್ತಾರೆ. ಅವನು ಒಬ್ಬೊಬ್ಬರ ಹೆಗಲಿಗೂ ಚಾಟಿಯಿಂದ ಬಾರಿಸುತ್ತಾ ಒಂದು, ಎರಡು ಎಂದು ಹನ್ನೆರಡರವರೆಗೂ ಎಣಿಸುತ್ತಾನೆ. ಹೊಡೆತ ತಿಂದವರು ದುಡ್ಡು ಕೊಟ್ಟು, ಹರಸಿ ಕಳಿಸುತ್ತಾರೆ.

ನಮ್ಮಲ್ಲಿ ಇದೇ ಕಥೆಯನ್ನು ವೇದಾಂತ ಹೇಳುವವರು ಬಳಸಿದರು. ಹತ್ತು ಜನ ಹೊಳೆ ದಾಟುತ್ತಾರೆ, ಎಣಿಸಿದರೆ ಒಂಬತ್ತು. ದಾರಿಹೋಕನೊಬ್ಬ ಬಂದು 'ಹತ್ತನೆಯವನು ನೀನೇ' ಎಂದು ತೋರಿಸುತ್ತಾನೆ. ತನ್ನನ್ನು ತಾನು ಮರೆತವನ ಅಜ್ಞಾನ ಹೋಗುವುದು ಹೀಗೆ ಎಂದು ವಿವರಿಸಲು ಅದೊಂದು ದೃಷ್ಟಾಂತ. ಅಲ್ಲಿ ಮರೆತವನು ಹಳ್ಳಿಯವನಲ್ಲ, ನಾನು, ನೀವು, ಎಲ್ಲರೂ. ತೋರಿಸುವುದಕ್ಕೆ ಬೆರಳು ಸಾಕು. ಗೋಟಮಿನ ಪುಸ್ತಕದಲ್ಲಿ ಬೆರಳಿನ ಜಾಗಕ್ಕೆ ಚಾಟಿ ಬಂದಿದೆ, ಜ್ಞಾನದ ಜಾಗಕ್ಕೆ ಹಣದ ಚೀಲ ಬಂದಿದೆ. ಓದುವಾಗ ನಮಗೆ ನಗು ಬರುತ್ತದೆಯಲ್ಲ, ಆಗ ನಾವು ಎಲ್ಲಿದ್ದೇವೆ? ಅಳುತ್ತಾ ಕೂತವರ ಸಾಲಿನಲ್ಲಿ ಇಲ್ಲ. ಕುದುರೆಯ ಮೇಲೆ, ಚಾಟಿ ಹಿಡಿದವನ ಹಿಂದೆ ಕೂತಿದ್ದೇವೆ.

ಹುಚ್ಚು ನಟಿಸುವುದು ಗೋಟಮಿನವರಿಗೆ ಮಾತ್ರ ತಿಳಿದ ವಿದ್ಯೆಯಲ್ಲ. ಗ್ರೀಕರ ಒಡಿಸ್ಯೂಸ್ ಟ್ರಾಯ್ ಯುದ್ಧಕ್ಕೆ ಹೋಗುವುದನ್ನು ತಪ್ಪಿಸಿಕೊಳ್ಳಲು ಹುಚ್ಚನಂತೆ ಉಳುತ್ತಾ ಹೊಲಕ್ಕೆ ಉಪ್ಪು ಬಿತ್ತಿದ. ಬೈಬಲಿನ ದಾವೀದ ಗತ್ ಎಂಬ ಊರಿನ ಅರಸನ ಮುಂದೆ ಗಡ್ಡದ ಮೇಲೆ ಜೊಲ್ಲು ಸುರಿಸಿಕೊಂಡು ಹುಚ್ಚನಂತೆ ಆಡಿ ಜೀವ ಉಳಿಸಿಕೊಂಡ. ಭಾಸನ 'ಪ್ರತಿಜ್ಞಾಯೌಗಂಧರಾಯಣ'ದಲ್ಲಿ ಮಂತ್ರಿ ಯೌಗಂಧರಾಯಣ ತನ್ನ ಒಡೆಯ ಉದಯನನನ್ನು ಸೆರೆಯಿಂದ ಬಿಡಿಸಲು ಹುಚ್ಚನ ವೇಷ ಹಾಕಿದ. ಹ್ಯಾಮ್ಲೆಟ್‌ನನ್ನು ಕೇಳುವುದೇ ಬೇಡ, ಅವನ ಹುಚ್ಚು ಎಷ್ಟು ನಿಜ ಎಷ್ಟು ನಟನೆ ಎಂದು ಚರ್ಚಿಸಿ ಎಷ್ಟೋ ಮಂದಿ ಪಂಡಿತರಾದರು. ರಾಜಕುಮಾರ ಹುಚ್ಚು ನಟಿಸಿದರೆ ದುರಂತ ನಾಟಕ. ಮಂತ್ರಿ ನಟಿಸಿದರೆ ರಾಜನೀತಿ. ವೀರ ನಟಿಸಿದರೆ ಚಾತುರ್ಯ. ದನ ಕಾಯುವವನು ನಟಿಸಿದರೆ ಮಾತ್ರ ಪೆದ್ದುತನ! ಇದು ಯಾವ ನ್ಯಾಯ?

ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ ಸಹೋದ್ಯೋಗಿಯೊಬ್ಬರು, "ಮೇಡಂ, ಇದೆಲ್ಲ ನಡೆದೇ ಇಲ್ಲ. ಜಾನ್ ದೊರೆ ಗೋಟಮಿಗೆ ಹೋದದ್ದಕ್ಕೆ ಸಾಕ್ಷಿ ಎಲ್ಲಿದೆ?" ಎಂದರು. ಸಾಕ್ಷಿ ಇಲ್ಲ, ಒಪ್ಪುತ್ತೇನೆ. ಊರಾಚೆಯ ಗುಡ್ಡದ ಮೇಲೆ ಕೋಗಿಲೆ ಪೊದೆಯ ದಿಬ್ಬವೆಂದು ಇವತ್ತಿಗೂ ಕರೆಯುವ ಜಾಗವನ್ನು 1847ರಲ್ಲಿ ಅಗೆದು ನೋಡಿದಾಗ ಅದು ದೊರೆಗಿಂತ ಎಷ್ಟೋ ಸಾವಿರ ವರ್ಷ ಹಳೆಯದಾದ ಸಮಾಧಿ ದಿಬ್ಬವೆಂದು ತಿಳಿಯಿತು. ಜಾನ್ ದೊರೆ ಸತ್ತದ್ದು ಅದೇ ನಾಟಿಂಗ್‌ಹ್ಯಾಮ್ ಸೀಮೆಯ ನ್ಯೂವಾರ್ಕ್ ಕೋಟೆಯಲ್ಲಿ, 1216ರ ಅಕ್ಟೋಬರಿನಲ್ಲಿ. ಆ ಸೀಮೆಯಲ್ಲಿ ಅವನ ಓಡಾಟವಿತ್ತು ಎನ್ನಬಹುದೇ ಹೊರತು ಅದಕ್ಕಿಂತ ಹೆಚ್ಚಿನದು ಹೇಳಲಾಗದು. ಆದರೆ ನಾನು ಆ ಸಹೋದ್ಯೋಗಿಯನ್ನು ಕೇಳಿದೆ: "ಸರ್, ಹಾವುಮೀನನ್ನು ನೀರಲ್ಲಿ ಮುಳುಗಿಸಿದ್ದಕ್ಕೆ ಸಾಕ್ಷಿ ಇದೆಯೇ? ಅದನ್ನು ಕೇಳಿ ನಕ್ಕಾಗ ನೀವು ಸಾಕ್ಷಿ ಕೇಳಲಿಲ್ಲವಲ್ಲ?" ಬಡವನ ಪೆದ್ದುತನಕ್ಕೆ ಪುರಾವೆ ಬೇಡ, ಬಡವನ ಜಾಣತನಕ್ಕೆ ಮಾತ್ರ ಶಾಸನವೇ ಬೇಕು! ಒಂದು ಊರು ತನ್ನ ಬಗ್ಗೆ ಹಬ್ಬಿದ ಅಪವಾದಕ್ಕೆ ಕೊಟ್ಟುಕೊಂಡ ಉತ್ತರ ಆ ಐತಿಹ್ಯ. ಗೋಟಮಿನಲ್ಲಿ ಉಳಿದವರಿಗಿಂತ ಗೋಟಮನ್ನು ಹಾದುಹೋದ ಮೂರ್ಖರೇ ಹೆಚ್ಚು ಎಂಬ ಗಾದೆಯೂ ಹುಟ್ಟಿಕೊಂಡಿತು. ಆ ಗಾದೆಯಲ್ಲಿ ಏಟು ಯಾರಿಗೆ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಊರಿನವರು ಆ ಹೆಸರನ್ನು ಮುಚ್ಚಿಟ್ಟುಕೊಂಡೂ ಇಲ್ಲ. ತಮ್ಮ ಪಾನಗೃಹಕ್ಕೆ ಕೋಗಿಲೆ ಪೊದೆಯ ಹೆಸರನ್ನೇ ಇಟ್ಟರು. 'ಗೋಟಮಿನ ಹುಚ್ಚರು' ಎಂದು ಅಚ್ಚಾದವರು ಬರಬರುತ್ತಾ 'ಗೋಟಮಿನ ಜಾಣರು' ಎಂದು ಹೆಸರಾದರು. ಆ 'ಜಾಣರು' ಎಂಬ ಮಾತನ್ನು ಹೊರಗಿನವರು ವ್ಯಂಗ್ಯವಾಗಿ ಆಡಿದರೆ ಊರಿನವರು ಹೆಮ್ಮೆಯಿಂದ ಆಡುತ್ತಾರೆ.

ಹೆಸರು ಅಲ್ಲಿಗೇ ನಿಲ್ಲಲಿಲ್ಲ. 1807ರಲ್ಲಿ ಅಮೆರಿಕದ ಲೇಖಕ ವಾಷಿಂಗ್ಟನ್ ಅರ್ವಿಂಗ್ ತನ್ನ ವಿಡಂಬನೆಯ ಪತ್ರಿಕೆ 'ಸಾಲ್ಮಗಂಡಿ'ಯಲ್ಲಿ ನ್ಯೂಯಾರ್ಕ್ ನಗರವನ್ನು ಗೇಲಿ ಮಾಡಲು ಈ ಹಳ್ಳಿಯ ಹೆಸರನ್ನೇ ಅದಕ್ಕೆ ಅಂಟಿಸಿದ. ನ್ಯೂಯಾರ್ಕಿನವರು ಬೈಗುಳವನ್ನು ಬಿರುದು ಮಾಡಿಕೊಂಡರು. ಅಂಗಡಿ ಮುಂಗಟ್ಟುಗಳಿಗೂ ಆ ಹೆಸರು ಬಂತು. ಅಂಥದೊಂದು ಒಡವೆ ಅಂಗಡಿಯ ಹೆಸರನ್ನು ಟೆಲಿಫೋನ್ ಡೈರೆಕ್ಟರಿಯಲ್ಲಿ ಕಂಡು ಬಿಲ್ ಫಿಂಗರ್ ಎಂಬ ಕಥೆಗಾರ 1940ರ ಸುಮಾರಿಗೆ ಬ್ಯಾಟ್‌ಮ್ಯಾನ್‌ನ ನಗರಕ್ಕೆ 'ಗಾಥಮ್ ಸಿಟಿ' ಎಂದು ಹೆಸರಿಟ್ಟ. ನನ್ನ ತರಗತಿಯ ಹುಡುಗರ ಚೀಲದ ಮೇಲೆ ಆ ಬಾವಲಿಯ ಚಿತ್ರವಿರುತ್ತದೆ. ಗಾಥಮ್ ಯಾರದೆಂದರೆ ಬ್ಯಾಟ್‌ಮ್ಯಾನನದು ಎನ್ನುತ್ತಾರೆ. ಆಡು ಕಾಯುವವರದು ಎಂದರೆ ನಂಬುವುದಿಲ್ಲ.

ಅಲ್ಲೂ ನೋಡಿ. ಬ್ಯಾಟ್‌ಮ್ಯಾನ್ ಕೋಟ್ಯಧಿಪತಿ. ಹಗಲಲ್ಲಿ ಏನೂ ತಿಳಿಯದ ಮೋಜುಗಾರನಂತೆ ನಟಿಸಿ ತನ್ನ ಗುಟ್ಟು ಕಾಪಾಡಿಕೊಳ್ಳುತ್ತಾನೆ. ಶ್ರೀಮಂತನ ನಟನೆಗೆ ಚಪ್ಪಾಳೆ. ಅದೇ ನಗರದಲ್ಲಿ ಅರ್ಕಮ್ ಎಂಬ ಹುಚ್ಚಾಸ್ಪತ್ರೆ ಇದೆ. ಬುದ್ಧಿ ಕೆಟ್ಟವರೆಲ್ಲ ಅಲ್ಲಿ ಕೊಲೆಗಡುಕರು, ಕೂಡಿಹಾಕಬೇಕಾದವರು. ಹುಚ್ಚಿನ ನೆರಳಲ್ಲಿ ಪ್ರಾಣ ಉಳಿಸಿಕೊಂಡ ಹಳ್ಳಿಯ ಹೆಸರು ಎಲ್ಲಿಗೆ ಬಂದು ಮುಟ್ಟಿತು! ನಿಜವಾಗಿ ಮನಸ್ಸು ಕೆಟ್ಟು ನರಳುವವರನ್ನು ಕಂಡರೆ ಹೆದರಿ ದೂರ ಹೋಗುವ ಬುದ್ಧಿ ಜಾನ್ ದೊರೆಯ ಆಳುಗಳ ಕಾಲಕ್ಕೇ ಮುಗಿದಿಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಹಾಗೆಂದು ನಾನು ಪೆದ್ದುತನದ ನಟನೆಯನ್ನು ಹೊಗಳಿ ಹಾಡುವವಳೂ ಅಲ್ಲ. ಹಳ್ಳಿಗರ ಉಪಾಯವೆಂದು ಮೆಚ್ಚಿ ಬೆನ್ನು ತಟ್ಟಿ ಮುಂದೆ ಹೋಗುವವರ ಮೇಲೂ ನನಗೆ ಸಿಟ್ಟಿದೆ. ಜರ್ಮನಿಯಲ್ಲಿ ಶಿಲ್ಡಾ ಎಂಬ ಊರಿನ ಕಥೆಯಿದೆ, 1598ರಲ್ಲಿ ಆ ಹೆಸರಿನಿಂದ ಪುಸ್ತಕವಾಯಿತು. ಆ ಊರಿನ ಗಂಡಸರು ಎಷ್ಟು ಬುದ್ಧಿವಂತರೆಂದರೆ ಎಲ್ಲ ಅರಸರೂ ಸಲಹೆ ಬೇಕೆಂದು ಅವರನ್ನು ಕರೆಸಿಕೊಳ್ಳುತ್ತಿದ್ದರು. ಊರಲ್ಲಿ ಹೊಲ ಹಾಳುಬಿತ್ತು, ಮನೆ ಹಾಳುಬಿತ್ತು. ಹೆಂಗಸರು ಸೇರಿ ಕಾಗದ ಬರೆದು ಗಂಡಂದಿರನ್ನು ಮನೆಗೆ ಕರೆಸಿಕೊಂಡರು. (ಬುದ್ಧಿವಂತಿಕೆಯ ಲೆಕ್ಕ ಕೊನೆಗೆ ಯಾರ ತಲೆಗೆ ಬರುತ್ತದೆ ಎಂಬುದು ಆ ಹೆಂಗಸರಿಗೆ ಗೊತ್ತಿತ್ತು.) ಇನ್ನು ಮುಂದೆ ಯಾರೂ ಕರೆಯದಿರಲೆಂದು ಗಂಡಸರು ಪೆದ್ದರಂತೆ ನಟಿಸತೊಡಗಿದರು. ನಟಿಸುತ್ತಾ ನಟಿಸುತ್ತಾ ನಿಜವಾಗಿಯೇ ಪೆದ್ದರಾದರು.

ಗೋಟಮಿನ ಕಥೆ ಓದಿದವರು ಶಿಲ್ಡಾದ ಕಥೆಯನ್ನೂ ಓದಬೇಕು. ವೇಷ ಬಹಳ ದಿನ ತೊಟ್ಟರೆ ಚರ್ಮವಾಗುತ್ತದೆ. ಇದನ್ನು ನಾನು ಪುಸ್ತಕದಲ್ಲಲ್ಲ, ಕಣ್ಣೆದುರು ಕಂಡಿದ್ದೇನೆ. ಪಾಲಕರ ಸಭೆಗೆ ಬರುವ ತಾಯಿ ಬಾಗಿಲಲ್ಲೇ ನಿಂತು "ನಮಗೇನು ತಿಳೀತದ್ರೀ ಮೇಡಂ, ನೀವು ಹೇಳಿದ ಹಾಗೆ" ಎನ್ನುತ್ತಾಳೆ. ಅದೇ ಹೆಂಗಸು ಸ್ತ್ರೀಶಕ್ತಿ ಸಂಘದ ಬಡ್ಡಿ ಲೆಕ್ಕವನ್ನು ಬೆರಳಲ್ಲಿ ಹೇಳಬಲ್ಲಳು. ತಿಳಿಯುತ್ತದೆ ಎಂದರೆ ಮುಂದಿನ ಪ್ರಶ್ನೆ ಬೀಳುತ್ತದೆ, ಕಚೇರಿಯಲ್ಲಿ ಕೆಲಸ ಕೆಡುತ್ತದೆ, ಅತ್ತೆಮನೆಯಲ್ಲಿ ಮಾತು ಬೆಳೆಯುತ್ತದೆ. ಆದ್ದರಿಂದ ತಿಳಿಯುವುದಿಲ್ಲ. ಹಿಂದಿನ ಬೆಂಚಿನ ಹುಡುಗನೂ ಹೀಗೆಯೇ. ಉತ್ತರ ಹೇಳಿ ತಪ್ಪಾದರೆ ಇಡೀ ತರಗತಿ ನಗುತ್ತದೆ, ಸುಮ್ಮನೆ ತಲೆ ತಗ್ಗಿಸಿದರೆ ಮೇಷ್ಟರು ಬೈದು ಮುಂದೆ ಹೋಗುತ್ತಾರೆ. ಅವನು ಲೆಕ್ಕ ಹಾಕಿಯೇ ತಲೆ ತಗ್ಗಿಸುತ್ತಾನೆ. ಆರನೆಯ ತರಗತಿಯಲ್ಲಿ ಅದು ಉಪಾಯ. ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಅದೇ ಅವನ ಸ್ವಭಾವ. ಆಗ ನಾವು ಅಂಕಪಟ್ಟಿ ನೋಡಿ, ಇವನು ಮೊದಲಿಂದಲೂ ದಡ್ಡ ಎಂದು ತೀರ್ಪು ಕೊಡುತ್ತೇವೆ. ಜಾನ್ ದೊರೆಯ ಆಳುಗಳು ಕೊಟ್ಟ ತೀರ್ಪಿಗೂ ಇದಕ್ಕೂ ಏನು ಅಂತರ? ಅವರೂ ಹೀಗೆಯೇ ಊರ ಬಾಗಿಲಲ್ಲಿ ನಿಂತು ನೋಡಿ, ಬರೆದುಕೊಂಡು ಹೊರಟುಹೋದರು. ಏಕೆ ಹೀಗೆ ಮಾಡುತ್ತಿದ್ದೀರಿ, ಯಾರಿಗೆ ಹೆದರಿ ಮಾಡುತ್ತಿದ್ದೀರಿ ಎಂದು ಒಬ್ಬರನ್ನೂ ಕೂರಿಸಿಕೊಂಡು ಕೇಳಲಿಲ್ಲ.

ಆದ್ದರಿಂದ ನನ್ನ ವಾದ ಇಷ್ಟೇ. ಒಂದು ಊರಿಗೆ ಊರೇ ಬುದ್ಧಿ ಇಲ್ಲದಂತೆ ನಟಿಸಿತು ಎಂದರೆ ವಿಚಾರಣೆ ಆಗಬೇಕಾದದ್ದು ಊರಿನದಲ್ಲ, ಬುದ್ಧಿ ಇದೆಯೆಂದು ತೋರಿಸಿಕೊಂಡರೆ ದಂಡ ಹಾಕುವ ದೊರೆತನದ್ದು. 'ಆಗದು' ಎಂದು ನೇರವಾಗಿ ಹೇಳುವ ಅವಕಾಶ ಇದ್ದಲ್ಲಿ ಯಾವ ರೈತನೂ ಕೆಲಸ ಬಿಟ್ಟು ಕೋಗಿಲೆಗೆ ಬೇಲಿ ಕಟ್ಟುವುದಿಲ್ಲ. ಪ್ರಶ್ನೆ ಕೇಳಿದರೆ ಏಟು ಬೀಳದ ತರಗತಿಯಲ್ಲಿ ಯಾವ ಮಗುವೂ ಪೆದ್ದನಾಗಿ ಕೂರುವುದಿಲ್ಲ.

ಗೋಟಮಿನ ಪುಸ್ತಕದ ಮೊದಲ ಕಥೆ ನಾಟಿಂಗ್‌ಹ್ಯಾಮಿನ ಸೇತುವೆಯ ಮೇಲೆ ನಡೆಯುತ್ತದೆ. ಒಬ್ಬ ಕುರಿ ಕೊಳ್ಳಲು ಸಂತೆಗೆ ಹೊರಟಿದ್ದಾನೆ, ಇನ್ನೊಬ್ಬ ಸಂತೆಯಿಂದ ಬರುತ್ತಿದ್ದಾನೆ. ಇನ್ನೂ ಕೊಳ್ಳದ ಕುರಿಗಳನ್ನು ಈ ಸೇತುವೆಯ ಮೇಲೆ ಹೊಡೆದುಕೊಂಡು ಬರುತ್ತೇನೆ ಎಂದು ಒಬ್ಬ, ಬಿಡುವುದಿಲ್ಲ ಎಂದು ಇನ್ನೊಬ್ಬ, ಹೊಡೆದಾಟಕ್ಕೇ ನಿಲ್ಲುತ್ತಾರೆ. ಮೂರನೆಯವನೊಬ್ಬ ಕುದುರೆಯ ಮೇಲೆ ಹಿಟ್ಟಿನ ಚೀಲ ಹೇರಿಕೊಂಡು ಬರುತ್ತಾನೆ. ಇವರ ಪೆದ್ದುತನ ನೋಡಲಾರದೆ ಚೀಲದ ಬಾಯಿ ಬಿಚ್ಚಿ ಹಿಟ್ಟನ್ನೆಲ್ಲ ಹೊಳೆಗೆ ಸುರಿದು, ಇದರಲ್ಲಿ ಹಿಟ್ಟು ಎಷ್ಟಿದೆ ಎನ್ನುತ್ತಾನೆ. ಏನೂ ಇಲ್ಲ ಎನ್ನುತ್ತಾರೆ. ಇಲ್ಲದ ಕುರಿಗಾಗಿ ಹೊಡೆದಾಡುವ ನಿಮ್ಮ ತಲೆಯಲ್ಲೂ ಬುದ್ಧಿ ಅಷ್ಟೇ ಇರುವುದು ಎಂದು ಪಾಠ ಹೇಳುತ್ತಾನೆ. ಮೂವರಲ್ಲಿ ಜಾಣ ಯಾರು ಎಂದು ಪುಸ್ತಕ ಓದುಗರನ್ನೇ ಕೇಳುತ್ತದೆ.

ನಾನಂತೂ ಆ ಮೂರನೆಯವನನ್ನು ನಮ್ಮ ವೃತ್ತಿಯವರಲ್ಲಿ, ಪಠ್ಯ ಬರೆಯುವವರಲ್ಲಿ, ಸಭೆಗಳಲ್ಲಿ ಹಳ್ಳಿಗರ ಅಜ್ಞಾನದ ಬಗ್ಗೆ ಭಾಷಣ ಮಾಡುವವರಲ್ಲಿ ದಿನವೂ ನೋಡುತ್ತೇನೆ. ಜಗಳವಾಡುತ್ತಿದ್ದವರು ಕಳೆದುಕೊಂಡದ್ದು ಏನೂ ಇಲ್ಲ. ಅವರ ದಡ್ಡತನವನ್ನು ತೋರಿಸಿಕೊಡಲು ಹೋದವನ ಮನೆಯಲ್ಲಿ ಆ ರಾತ್ರಿ ರೊಟ್ಟಿಗೆ ಹಿಟ್ಟಿರಲಿಲ್ಲ.